ಕಪ್ಪು ಬೆಲ್ಲದ ಪಾಠ

ಮಕ್ಕಳಿಗೆ ಯೋಚನೆ ಮಾಡುವುದನ್ನು ಕಲಿಸಲು ಹೊರಟವಳು ನಾನು. ನಿನಗೆ ಯೋಚನೆ ಮಾಡಲು ಬರುತ್ತದೆಯೇ ಎಂದು ಬಿ.ಎಡ್.ಗೆ ಸೇರುವಾಗ ಯಾರೂ ಕೇಳಲಿಲ್ಲ. ಅಂಕಪಟ್ಟಿ ಕೇಳಿದರು, ಜಾತಿ ಪ್ರಮಾಣಪತ್ರ ಕೇಳಿದರು, ಫೋಟೋ ಕೇಳಿದರು. ಮೂರೂ ನನ್ನ ಹತ್ತಿರ ಇದ್ದವು, ಸೇರಿಸಿಕೊಂಡರು.

ಕಾಲೇಜು ಮಂಡ್ಯದಲ್ಲಿ, ನಮ್ಮೂರು ಅದೇ ಜಿಲ್ಲೆಯ ಕೊಪ್ಪದ ಹತ್ತಿರ. ಎರಡನೇ ವರ್ಷದಲ್ಲಿ ಅಭ್ಯಾಸ ಪಾಠಕ್ಕೆಂದು ನನ್ನನ್ನು ಮದ್ದೂರಿನ ಒಂದು ಪ್ರೌಢಶಾಲೆಗೆ ಹಾಕಿದರು. ದಿನಾ ಬೆಳಿಗ್ಗೆ ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತುತ್ತಿದ್ದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟುಗಳು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಆ ಸುರುಳಿ ಹೋಗಿ ಯಾರದಾದರೂ ಕಿವಿಗೆ ತಿವಿಯುತ್ತಿತ್ತು. “ಏನವ್ವ, ಪಾಠನ ಕಿವಿಯೊಳಕ್ಕೇ ತುರುಕ್ತೀಯಾ?” ಎಂದು ಹಾಲಿನ ಕ್ಯಾನು ಹಿಡಿದಿದ್ದ ಅಜ್ಜನೊಬ್ಬ ಗದರಿದ್ದ.

ಅಭ್ಯಾಸ ಪಾಠ ಎಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ನಾವು ಪಾಠ ಮಾಡುತ್ತೇವೆ, ನಮ್ಮ ಕಾಲೇಜಿನ ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತು ನಮ್ಮ ತಪ್ಪು ಬರೆದುಕೊಳ್ಳುತ್ತಾರೆ. ಅದಕ್ಕೆ ಮುಂಚೆ ಒಂದು ದಪ್ಪ ಪುಸ್ತಕದಲ್ಲಿ ಪಾಠ ಯೋಜನೆ ಬರೆದಿರಬೇಕು. ಎಡಗಡೆ ನಾನು ಏನು ಕೇಳುತ್ತೇನೆ, ಬಲಗಡೆ ಮಕ್ಕಳು ಏನು ಉತ್ತರ ಹೇಳುತ್ತಾರೆ. ಹೌದು, ಮಕ್ಕಳ ಮುಖ ನೋಡುವ ಮುಂಚೆಯೇ ಅವರ ಉತ್ತರವನ್ನು ನಾವೇ ಬರೆದಿಡಬೇಕು. ಅಷ್ಟು ಧೈರ್ಯ ಜ್ಯೋತಿಷ್ಯ ಹೇಳುವವರಿಗೂ ಇರಲಿಕ್ಕಿಲ್ಲ.

ನಮ್ಮ ಪಾಠ ನೋಡಲು ಬರುತ್ತಿದ್ದ ಮೇಷ್ಟ್ರು ಮಳವಳ್ಳಿಯವರು. ಅಲ್ಲಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಸ್ಕೂಟರ್ ಗೇಟಿನ ಹತ್ತಿರ ನಿಂತ ಸದ್ದು ಕೇಳಿದರೆ ಪ್ರಶಿಕ್ಷಣಾರ್ಥಿಗಳೆಲ್ಲ ಪಾಠ ಯೋಜನೆಯ ಪುಸ್ತಕ ತೆರೆದು ಬಾಯಿಪಾಠಕ್ಕೆ ಕೂರುತ್ತಿದ್ದೆವು. ಎರಡು ಮೂರು ವರ್ಷದಿಂದ ಅವರು ಹೊಸದೊಂದು ಶುರು ಮಾಡಿದ್ದರು. ಪ್ರತಿಯೊಬ್ಬರೂ ವಿಮರ್ಶಾತ್ಮಕ ಚಿಂತನೆ ಬೆಳೆಸುವ ಒಂದು ಪಾಠ ಮಾಡಲೇಬೇಕು. ಹಾಗೆಂದರೇನು ಎಂದು ತರಗತಿಯಲ್ಲಿ ಬಿಡಿಸಿಯೂ ಹೇಳಿದ್ದರು. “ಯಾರೋ ಹೇಳಿದ್ದನ್ನ ಹಂಗೇ ನುಂಗಬಾರದು. ಅಗಿದು ನೋಡಬೇಕು.” ನಾವು ಐವತ್ತು ಜನರೂ ಅದನ್ನು ಹಾಗೇ ನೋಟ್ಸಿನಲ್ಲಿ ಬರೆದುಕೊಂಡೆವು. ಒಬ್ಬರೂ ಅಗಿಯಲಿಲ್ಲ.

ಒಂಬತ್ತನೇ ತರಗತಿಗೆ ನಾನು ಮಾಡಿದ ಮೊದಲನೇ ಚಿಂತನೆಯ ಪಾಠ ಬಿತ್ತು. ಪಾಠ ಮುಗಿದ ಮೇಲೆ ಮೇಷ್ಟ್ರು ಜಗುಲಿಯಲ್ಲಿ ನಿಲ್ಲಿಸಿಕೊಂಡು ಹೇಳಿದರು. “ಹದಿನೆಂಟು ಪ್ರಶ್ನೆ ಕೇಳ್ದೆ ಕಣಮ್ಮ. ಅದರಲ್ಲಿ ಹದಿನಾರಕ್ಕೆ ನೀನೇ ಉತ್ತರ ಹೇಳ್ದೆ. ಮಕ್ಕಳು ಬಂದಿದ್ದು ಯಾತಕ್ಕೆ, ನಿನ್ನ ವೈವಾ ನೋಡಾಕಾ?” ಪುಸ್ತಕದಲ್ಲಿ ‘ಮರುಪಾಠ’ ಎಂದು ಬರೆದರು. ಎರಡನೇ ಸಲ ಬಾಯಿ ಬಿಗಿ ಹಿಡಿದುಕೊಂಡು ಕೇಳಿದೆ. ಈ ಸಲ ನಾನು ಏನು ಕೇಳಿದರೂ ಮಕ್ಕಳು ಒಂದೇ ರಾಗದಲ್ಲಿ “ಹೌದು ಮಿಸ್” ಎಂದರು. ಹೌದು ಎನ್ನಬಾರದ ಪ್ರಶ್ನೆಗೂ ಹೌದು ಎಂದರು. ಮತ್ತೆ ಮರುಪಾಠ.

ಮೂರನೆಯದೂ ಬಿದ್ದರೆ ಮುಂದಿನ ವರ್ಷದವರ ಜೊತೆ ಅಭ್ಯಾಸ ಪಾಠವನ್ನೆಲ್ಲ ಮೊದಲಿನಿಂದ ಮಾಡಬೇಕಿತ್ತು. ನಮ್ಮೂರಿನ ಶಾಲೆಯಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿಯ ಜಾಗ ಖಾಲಿ ಇತ್ತು. ಈ ವರ್ಷ ಬಿ.ಎಡ್. ಮುಗಿಸಿದರೆ ಜೂನ್‌ಗೆ ನೀನೇ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಅಲ್ಲಿನ ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ಅವ್ವ ಇದರಲ್ಲಿ ‘ಮುಗಿಸಿದರೆ’ ಎನ್ನುವ ಮಾತನ್ನು ಬಿಟ್ಟು ಉಳಿದದ್ದನ್ನು ಬೀದಿಗೆಲ್ಲ ಸಾರಿದ್ದಳು. ಡೇರಿಗೆ ಹಾಲು ಹಾಕಲು ಹೋದರೆ ಜನ ಆಗಲೇ ನನ್ನನ್ನು ಮೇಡಂ ಎನ್ನುತ್ತಿದ್ದರು. ಆ ಮೇಡಂ ಎರಡು ಸಲ ಬಿದ್ದಿದ್ದಾಳೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಎರಡನೇ ಪಾಠ ಬಿದ್ದ ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ತರಗತಿಯ ಲೀಡರ್ ನನ್ನನ್ನು ಹುಡುಕಿಕೊಂಡು ಬಂದಳು. ಎರಡು ಜಡೆ, ರಿಬ್ಬನ್ನು, ಮನೆ ಯಜಮಾನ್ತಿಯ ನಡಿಗೆ. ನನ್ನ ಎದುರು ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

“ಯಾಕ್ ಮಿಸ್, ನಮ್ಗೆ ಒಂದ್ ಮಾತೂ ಏಳ್ದೆ ಪಾಠ ಮಾಡ್ತೀರಾ?”

“ಏನು ಹೇಳಬೇಕಿತ್ತು?”

“ಯಾರು ಏನ್ ಉತ್ರ ಕೊಡ್ಬೇಕು ಅಂತ. ಓದ ವರ್ಸದ ಮಿಸ್ಸು ಎಲ್ಲಾನೂ ಏಳ್ಕೊಟ್ಟಿದ್ರು. ಅವ್ರು ಪಾಸಾಗಿ ಓದ್ರು. ನೀವು ನೋಡುದ್ರೆ ಸುಮ್ನೆ ಬಂದು ಕೇಳ್ತೀರಾ, ನಮ್ಗೆಂಗ್ ಗೊತ್ತಾಗ್ಬೇಕು?”

ಆಗ ನನಗೆ ಒಂದು ದೊಡ್ಡ ಸತ್ಯ ತಿಳಿಯಿತು. ಈ ಶಾಲೆಗೆ ವರ್ಷವರ್ಷವೂ ನಮ್ಮಂಥವರು ಬರುತ್ತಾರೆ. ಅದೇ ಪಾಠ, ಅದೇ ಚಾರ್ಟು, ಅದೇ ನಡುಗುವ ದನಿ. ಈ ಮಕ್ಕಳು ನಮ್ಮಂಥವರನ್ನು ಎಷ್ಟು ಜನರನ್ನು ನೋಡಿದ್ದರೋ! ಅವರ ಅಕ್ಕಂದಿರು ನೋಡಿ ಇವರಿಗೆ ಹೇಳಿಕೊಟ್ಟಿದ್ದರು. ಪಾಠ ಕಲಿಯುವುದರಲ್ಲಲ್ಲದಿದ್ದರೂ ಪಾಠ ದಾಟಿಸುವುದರಲ್ಲಿ ಅವರು ಪಳಗಿದ ಕೈಗಳು. ಲೀಡರ್ ಬೆರಳು ಮಡಚಿ ಲೆಕ್ಕ ಒಪ್ಪಿಸಿದಳು. ಚಿಂತನೆಯ ಪಾಠಕ್ಕೆ ನಾಲ್ಕು ಜನ ತಪ್ಪು ಉತ್ತರ ಹೇಳಬೇಕು, ಇಬ್ಬರು ಅನುಮಾನ ಪಡಬೇಕು, ಒಬ್ಬ “ನಾನು ಒಪ್ಪಲ್ಲ ಮಿಸ್” ಎನ್ನಬೇಕು, ಕೊನೆಗೆ ಒಬ್ಬ ಸರಿ ಉತ್ತರ ಹೇಳಬೇಕು. ನಮ್ಮ ಮೇಷ್ಟ್ರ ಬಗ್ಗೆಯೂ ಅವಳಿಗೆ ಎಲ್ಲ ಗೊತ್ತಿತ್ತು.

“ಆ ಸಾರು ಕನ್ನಡಕ ತೆಗ್ದು ಮಡೀಕಂದ್ರೆ ಖುಸಿಯಾಗವ್ರೆ ಅಂತ. ಕಿಟ್ಕಿ ಕಡೆ ನೋಡುದ್ರೆ ಬೇಜಾರಾಗೈತೆ ಅಂತ. ಆಗ ನೀವು ತಟ್ಟಂತ ಒಂದು ಪ್ರಸ್ನೆ ನನ್ನ ಕೇಳ್ಬುಡಿ, ನಾನು ನೋಡ್ಕತೀನಿ.”

ಎರಡು ವರ್ಷ ಶಿಕ್ಷಣ ಮನೋವಿಜ್ಞಾನ ಓದಿದ ನಾನು ಆ ಮೇಷ್ಟ್ರ ಕನ್ನಡಕವನ್ನು ಗಮನಿಸಿರಲಿಲ್ಲ. ಅವಳು ನೋಡಿದ್ದಳು, ಹೋಲಿಸಿದ್ದಳು, ತೀರ್ಮಾನಕ್ಕೆ ಬಂದಿದ್ದಳು. ವಿಮರ್ಶಾತ್ಮಕ ಚಿಂತನೆ ಎಂದರೆ ಅದೇ ಎಂದು ಆಗ ಹೊಳೆದಿದ್ದರೆ ಚೆನ್ನಾಗಿತ್ತು. ನನಗೆ ಹೊಳೆದದ್ದು ಜೂನ್ ತಿಂಗಳು ಮಾತ್ರ.

“ಸರಿ, ಏನು ಬೇಕು ನಿಮಗೆ?” ಎಂದೆ. “ಎಲ್ಲರಿಗೂ ವಡೆ ತಂದುಕೊಡಲಾ?”

“ಮದ್ದೂರ್ನೋರ್ಗೆ ವಡೆ ತೋರುಸ್ತೀರಲ್ಲ ಮಿಸ್,” ಎಂದು ಮುಖ ಸಿಂಡರಿಸಿದಳು. “ಒಂದ್ ವಾರ ಓಂವರ್ಕ್ ಬ್ಯಾಡ. ಸನಿವಾರ ಕೊನೇ ಪೀರಿಯಡ್ಡು ಖೋ ಖೋ ಬುಡ್ಬೇಕು.”

ಒಪ್ಪಿದೆ. ಸುಳ್ಳು ಹೇಳಿ ಏನು ಪ್ರಯೋಜನ, ಖುಷಿಯಿಂದಲೇ ಒಪ್ಪಿದೆ.

ವಿಷಯ ಯಾವುದು ಎಂಬ ಮಾತು ಬಂತು. ಗ್ರಹಣದ ದಿನ ಊಟ ಮಾಡಬಾರದೇ ಎಂದು ಇಟ್ಟುಕೊಳ್ಳೋಣ ಎಂದೆ. ಲೀಡರ್ ಆಕಳಿಸಿದಳು. ಎಂಟನೇ ತರಗತಿಯಲ್ಲಿ ಮೂರು ಜನ ಗ್ರಹಣ ಮಾಡಿದ್ದರಂತೆ, ಈ ವರ್ಷ ಒಬ್ಬರು ಮಾಡಿದ್ದರಂತೆ. ಹೊಸದು ಬೇಕು ಎಂದಳು. ಆ ದಿನ ಸಂಜೆ ಬಸ್ಸಿನಲ್ಲಿ ಫೋನು ನೋಡುತ್ತಿದ್ದಾಗ ಯಾರೋ ಕಳಿಸಿದ್ದ ಒಂದು ವಿಡಿಯೋ ಸಿಕ್ಕಿತು. ಹೊಂಬಣ್ಣದ ಬೆಲ್ಲಕ್ಕೆ ಕೆಮಿಕಲ್ ಹಾಕಿರುತ್ತಾರೆ, ಅದು ವಿಷ, ಕಪ್ಪು ಬೆಲ್ಲವೊಂದೇ ಶುದ್ಧ ಎಂದು ಒಬ್ಬ ಮನುಷ್ಯ ಕೈ ಬೀಸಿ ಬೀಸಿ ಹೇಳುತ್ತಿದ್ದ. ವಾಹ್, ಕಬ್ಬಿನ ಸೀಮೆಗೆ ಇದಕ್ಕಿಂತ ವಿಷಯ ಬೇಕೇ ಎಂದುಕೊಂಡೆ. ಕಣ್ಣಿಗೆ ಚೆಂದ ಕಂಡದ್ದನ್ನು ಮಕ್ಕಳು ಅನುಮಾನಿಸಲಿ, ಕೊನೆಗೆ ಕಪ್ಪು ಬೆಲ್ಲವೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಲಿ. ಯಾರೋ ಹೇಳಿದ್ದನ್ನು ನುಂಗಬಾರದು ಎಂಬ ಪಾಠಕ್ಕೆ, ಯಾರೋ ಹೇಳಿದ್ದನ್ನು ನುಂಗಿಕೊಂಡು ಹೊರಟೆ.

ನಮ್ಮ ಮನೆಯಲ್ಲೂ ಕಬ್ಬು ಬೆಳೆಯುತ್ತೇವೆ. ಆದರೆ ನಮ್ಮದು ಕಟಾವಾಗಿ ಫ್ಯಾಕ್ಟರಿಗೆ ಹೋಗುವ ಕಬ್ಬು. ಲಾರಿ ಕಣ್ಮರೆಯಾದರೆ ಅಲ್ಲಿಗೆ ನಮಗೂ ಅದಕ್ಕೂ ಸಂಬಂಧ ಮುಗಿಯಿತು. ಬೆಲ್ಲ ಹೇಗೆ ಆಗುತ್ತದೆ ಎಂದು ನಾನು ನಿಂತು ನೋಡಿದವಳಲ್ಲ. ಆ ತರಗತಿಯಲ್ಲಿ ಚೆನ್ನಾಗಿ ನೋಡಿದ್ದ ಹುಡುಗಿ ಒಬ್ಬಳಿದ್ದಳು. ಮದ್ದೂರಿನ ಹೊರಗೆ ಒಂದು ಆಲೆಮನೆ ಇದೆ, ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ. ಅವಳ ಅಪ್ಪ ಅಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ, ಅವ್ವ ಕೊಪ್ಪರಿಗೆಯ ಹತ್ತಿರ ಇರುತ್ತಿದ್ದಳು. ಮಾತು ಕಡಿಮೆಯ ಹುಡುಗಿ. ಹೊಂಬಣ್ಣದ ಬೆಲ್ಲವೇ ಒಳ್ಳೆಯದು ಎಂಬ ತಪ್ಪು ಉತ್ತರವನ್ನು ಇವಳ ಬಾಯಲ್ಲಿ ಹೇಳಿಸಿದರೆ ಸಹಜವಾಗಿ ಕಾಣುತ್ತದೆ ಎಂದು ನಾನೇ ಅವಳನ್ನು ಆರಿಸಿದೆ. ಮೊದಲು ವಾದ ಮಾಡಬೇಕು, ಕೊನೆಗೆ “ನನ್ನದು ತಪ್ಪಾಯ್ತು ಮಿಸ್” ಎಂದು ಕೂರಬೇಕು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಖೋ ಖೋವನ್ನು ಮುಂದಿನ ವಾರಕ್ಕೆ ಹಾಕಿ ಶನಿವಾರ ತಾಲೀಮು ನಡೆಯಿತು. ಲೀಡರ್ ಮೇಜಿನ ಮೇಲೆ ಹತ್ತಿ ಕೂತಿದ್ದಳು. “ಲೇ, ಡೌಟು ಅಂದ್ರೆ ಉಬ್ಬು ಗಂಟಾಕ್ಬೇಕು ಕಣ್ಲಾ. ನೀನು ನೋಡುದ್ರೆ ಒಟ್ಟೆ ನೋವು ಬಂದಂಗೆ ನಿಂತಿದ್ದೀಯ,” ಎಂದು ಒಬ್ಬ ಹುಡುಗನಿಗೆ ಬಯ್ದಳು. “ಒಪ್ಪಲ್ಲ ಮಿಸ್” ಎನ್ನಬೇಕಾದವನು ಪ್ರತಿಸಲವೂ ನಗುತ್ತಿದ್ದ. ಅವನನ್ನು ಬದಲಾಯಿಸಿದಳು. ಆಲೆಮನೆ ಹುಡುಗಿ ತನ್ನ ಮೊದಲಿನ ಮಾತುಗಳನ್ನು ಚೆನ್ನಾಗಿಯೇ ಹೇಳಿದಳು. ಕೊನೆಯ ಮಾತು ಬಂದಾಗ ಮಾತ್ರ ಬಾಯೊಳಗೇ ಗೊಣಗಿದಳು.

“ಜೋರಾಗಿ ಏಳೇ,” ಎಂದಳು ಲೀಡರ್.

“ಅವತ್ತು ಏಳ್ತೀನಿ ಬುಡು.”

ನಾಚಿಕೆ ಇರಬೇಕು ಎಂದುಕೊಂಡು ನಾನೂ ಬಿಟ್ಟೆ.

ಪಾಠದ ದಿನ ಮೇಜಿನ ಮೇಲೆ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಮಕ್ಕಳು ಬಿಳಿ ಬೆಲ್ಲ ಎನ್ನುವ ಹೊಂಬಣ್ಣದ ಅಚ್ಚುಬೆಲ್ಲ, ಇನ್ನೊಂದರಲ್ಲಿ ಮಂಡ್ಯದ ಅಂಗಡಿಯಿಂದ ತಂದ ಕಪ್ಪು ಬೆಲ್ಲ. ಬೋರ್ಡಿನ ಪಕ್ಕ ಒಂದು ಚಾರ್ಟು ತೂಗುಹಾಕಿ ಅದರ ಮೇಲೆ ಹಳೇ ಪೇಪರ್ ಹೊದಿಸಿದ್ದೆ. ಮಕ್ಕಳು ತೀರ್ಮಾನ ಹೇಳಿದ ಕೂಡಲೇ ಪೇಪರ್ ಎಳೆಯುವುದು, ಒಳಗೆ ದಪ್ಪ ಅಕ್ಷರದಲ್ಲಿ ‘ಕಪ್ಪು ಬೆಲ್ಲವೇ ಶುದ್ಧ ಬೆಲ್ಲ’ ಎಂದು ಕಾಣುವುದು. ಮೇಷ್ಟ್ರು ಬಂದರು, ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಹೇಗೋ ತೂರಿಕೊಂಡರು. ನೊಣಗಳು ಅವರಿಗಿಂತ ಮೊದಲೇ ಬಂದು ಬೆಲ್ಲದ ಮೇಲೆ ಕೂತಿದ್ದವು.

“ಈ ಎರಡರಲ್ಲಿ ನೀವು ಯಾವುದನ್ನು ಕೊಳ್ಳುತ್ತೀರಿ, ಯಾಕೆ?” ಎಂದು ಶುರು ಮಾಡಿದೆ. ಆಹಾ, ಎಂಥ ಪಾಠ ಅದು! ತಪ್ಪು ಹೇಳಬೇಕಾದವರು ತಪ್ಪು ಹೇಳಿದರು. ಅನುಮಾನ ಪಡಬೇಕಾದವರು ಹುಬ್ಬು ಗಂಟು ಹಾಕಿದರು. ಒಪ್ಪಬಾರದವನು ನಗದೆ ಒಪ್ಪದೇ ಹೋದ. ಆಲೆಮನೆ ಹುಡುಗಿ ಎದ್ದು ಹೊಂಬಣ್ಣದ ಬೆಲ್ಲದ ಪರ ಹೇಳಬೇಕಾದ್ದನ್ನು ಹೇಳಿ ಕೂತಳು. ನಾನು ಪ್ರಶ್ನೆ ಕೇಳಿ ಐದರವರೆಗೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ, ಉತ್ತರ ನಾಲ್ಕಕ್ಕೇ ಬರುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟರು. ಲೀಡರ್ ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದಳು.

“ಹಾಗಾದರೆ ನಮ್ಮ ತೀರ್ಮಾನವೇನು?” ಎಂದೆ. ಮೊದಲ ಬೆಂಚಿನ ಹುಡುಗ ಎದ್ದು ಗಡಿಯಾರದ ಹಾಗೆ ಹೇಳಿದ. “ಕಪ್ಪು ಬೆಲ್ಲವೇ ಶುದ್ಧ ಮಿಸ್. ಬಿಳಿ ಬೆಲ್ಲ ಮಾಡುವವರು ಅದಕ್ಕೆ ವಿಷ ಹಾಕುತ್ತಾರೆ.”

ಈಗ ಆಲೆಮನೆ ಹುಡುಗಿ ಎದ್ದು ತಪ್ಪಾಯ್ತು ಎನ್ನಬೇಕು. ಎದ್ದಳು. ನನ್ನ ಕೈ ಆಗಲೇ ಚಾರ್ಟಿನ ಪೇಪರಿನ ಮೇಲಿತ್ತು. ಅವಳು ನನ್ನ ಕಡೆ ನೋಡಲೇ ಇಲ್ಲ. ಆ ಹುಡುಗನ ಕಡೆ ತಿರುಗಿದಳು.

“ಯಾವ್ ಆಲೆಮನೇಲಿ ನೋಡ್ದೆ ನೀನು?”

ಅವನು ಕಕ್ಕಾಬಿಕ್ಕಿಯಾದ. ಅವನ ಪಾಲಿನ ಮಾತು ಮುಗಿದುಹೋಗಿತ್ತು. ನನ್ನ ಮುಖ ನೋಡಿದ, ಲೀಡರ್ ಮುಖ ನೋಡಿದ, ಆಮೇಲೆ ತಲೆ ಕೆರೆದುಕೊಂಡ. “ನಂಗೇನ್ ಗೊತ್ತು? ಮಿಸ್ಸು ಅಂಗ್ ಏಳು ಅಂದ್ರು.”

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ನನ್ನ ಜೂನ್ ತಿಂಗಳು ಕಿಟಕಿಯಿಂದ ಹಾರಿ ಹೋಯಿತು. ಅವ್ವ ಸಾರಿದ ಬೀದಿ, ಡೇರಿಯಲ್ಲಿ ಮೇಡಂ ಎನ್ನುವ ಜನ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಕೂರಮ್ಮ ಎಂದು ಅವಳನ್ನು ಗದರಿಸಿ, ಪೇಪರ್ ಎಳೆದು, ಪಾಠ ಮುಗಿಸಿಬಿಡಬೇಕು ಎನಿಸಿತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವಳು ಮೇಜಿನ ಹತ್ತಿರ ಬಂದಳು. ಕಪ್ಪು ಬೆಲ್ಲವನ್ನು ಮುರಿದಳು, ಮೂಸಿದಳು, ಒಂದು ಚೂರು ನಾಲಿಗೆಗೆ ಹಾಕಿಕೊಂಡಳು.

“ಪಾಕ ಸೀದೈತೆ ಮಿಸ್. ಕಬ್ಬು ಕಡ್ದು ನಾಕು ದಿನ ಬಿದ್ದಿತ್ತೋ ಏನೋ, ಉಳಿ ಐತೆ. ಇದ್ಯಾವ್ ಸುದ್ಧ?”

“ಬಿಳೀದಕ್ಕೆ ಪುಡಿ ಆಕೋದು ಸುಳ್ಳಾ ಅಂಗಾರೆ?” ಎಂದು ಹಿಂದಿನಿಂದ ಒಬ್ಬ ಕೇಳಿದ. ಈ ಹುಡುಗನಿಗೆ ಲೀಡರ್ ಯಾವ ಪಾತ್ರವನ್ನೂ ಕೊಟ್ಟಿರಲಿಲ್ಲ. “ನಮ್ ಮಾವನ್ ಊರಲ್ಲಿ ಆಕೋದ ನಾನೇ ನೋಡಿವ್ನಿ.”

“ಸುಳ್ಳಲ್ಲ. ಆಕೋರು ಅವ್ರೆ,” ಎಂದಳು ಅವಳು. “ಎಲ್ರೂ ಆಕಲ್ಲ. ನಮ್ಮವ್ವ ಬೆಂಡೆ ಗಿಡ ಜಜ್ಜಿ, ನೀರಲ್ಲಿ ಕಿವುಚಿ, ಲೋಳೆ ಬುಡ್ತಾಳೆ. ಕಬ್ಬಿನಾಲು ಕಾಯ್ತಾ ಕಾಯ್ತಾ ಕೊಳೆ ಎಲ್ಲ ಮ್ಯಾಕ್ ಬತ್ತದೆ. ಮೂರು ಸತಿ ತೆಗೀತಾಳೆ. ಆಗ ಬೆಲ್ಲ ಬೆಳ್ಳಗೇ ಆಯ್ತದೆ. ಕೊಳೆ ತೆಗೀದೆ ಬುಟ್ರೆ ಕಪ್ಪಾಯ್ತದೆ.”

“ನಮ್ ಗದ್ದೆ ಚೌಳು,” ಎಂದಳು ಮೂರನೇ ಬೆಂಚಿನ ಇನ್ನೊಬ್ಬಳು. “ಏನ್ ಮಾಡುದ್ರೂ ನಮ್ ಕಬ್ಬಿನ್ ಬೆಲ್ಲ ಕಪ್ಪೇ ಬರೋದು. ಒಂಚೂರು ಉಪ್ಪುಪ್ಪು.”

“ಈಗ ಪ್ಯಾಟೆಯೋರು ಕಪ್ಪೇ ಬೇಕು ಅಂತಾರೆ,” ಎಂದು ಆಲೆಮನೆ ಹುಡುಗಿ ಮುಂದುವರಿಸಿದಳು. “ಬೇಕು ಅಂತ ಪಾಕ ಸೀಸಿ ಕಪ್ಪು ಮಾಡ್ಕೊಡೋರೂ ಅವ್ರೆ. ಕೇಳಿದ್ರೆ ಕೊಡ್ತಾರೆ, ಅವ್ರಿಗೇನು?”

ತರಗತಿಗೆ ಬೆಂಕಿ ಬಿದ್ದಂತಾಯಿತು. ತಪ್ಪು ಹೇಳಬೇಕಾದವರು, ಅನುಮಾನ ಪಡಬೇಕಾದವರು ಎಲ್ಲರೂ ಪಾತ್ರ ಮರೆತು ಬೆಲ್ಲಕ್ಕೆ ಕೈ ಹಾಕಿದರು. ಮುರಿದರು, ನೆಕ್ಕಿದರು, ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಲೀಡರ್ ಮಾತ್ರ ತನ್ನ ನಾಟಕ ಕುಲಗೆಟ್ಟಿತೆಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ನಾನು ಬೋರ್ಡಿನ ಹತ್ತಿರ ನಿಂತಿದ್ದೆ. ಮುಂದೇನು ಕೇಳಬೇಕು ಎಂದು ನನ್ನ ಪುಸ್ತಕದಲ್ಲಿ ಇರಲಿಲ್ಲ. ನನಗೆ ನಿಜವಾಗಿಯೂ ಗೊತ್ತಿಲ್ಲದ್ದು ಒಂದೇ ಒಂದು ಇತ್ತು, ಅದನ್ನೇ ಕೇಳಿಬಿಟ್ಟೆ.

“ಹಾಗಾದರೆ ಒಳ್ಳೆ ಬೆಲ್ಲ ಯಾವುದು ಅಂತ ಹೇಗೆ ಗೊತ್ತಾಗುತ್ತೆ?”

ಗಲಾಟೆ ನಿಂತಿತು. ಐದಾಯಿತು, ಹತ್ತಾಯಿತು, ಯಾರೂ ಮಾತಾಡಲಿಲ್ಲ. ಉತ್ತರ ಹೇಳಿಬಿಡುವ ನನ್ನ ಹಳೇ ಚಾಳಿ ಗಂಟಲವರೆಗೆ ಬಂತು. ಆದರೆ ಹೇಳಲು ಉತ್ತರವೇ ಇರಲಿಲ್ಲವಲ್ಲ! ಎಣಿಸುವುದನ್ನೂ ಬಿಟ್ಟೆ. ಆಮೇಲೆ ಒಬ್ಬಳು ನೀರಲ್ಲಿ ಕರಗಿಸಿ ತಳದಲ್ಲಿ ಏನು ನಿಲ್ಲುತ್ತದೆ ನೋಡೋಣ ಎಂದಳು. ಅದರಿಂದ ಕಸ ಗೊತ್ತಾಗುತ್ತದೆ, ಕೆಮಿಕಲ್ ಹೇಗೆ ಗೊತ್ತಾಗುತ್ತದೆ ಎಂದು ಇನ್ನೊಬ್ಬ ತಡೆದ. ಒಂದೇ ಗದ್ದೆಯ ಕಬ್ಬನ್ನು ಎರಡು ಥರ ಕಾಯಿಸಿ ನೋಡಬೇಕು ಎಂದ ಮತ್ತೊಬ್ಬ. ಕಾಯಿಸುವಾಗ ಹೋಗಿ ನಿಂತು ನೋಡಿದರೆ ಆಯ್ತಪ್ಪ ಎಂದರು ಕೆಲವರು. ಕೊನೆಗೆ ಲೀಡರ್ ತಲೆಯಿಂದ ಕೈ ತೆಗೆದು ಎದ್ದಳು. ಸುಮ್ಮನೆ ಇರುವುದು ಅವಳ ಜಾಯಮಾನವಲ್ಲ. “ಬರೀ ಬಣ್ಣ ನೋಡಿ ಏಳಾಕಾಗಲ್ಲ ಅಂತ ಬರ್ಕಳಾದಾ ಮಿಸ್?” ಎಂದಳು. ಹೂಂ ಎನ್ನುವಷ್ಟರಲ್ಲಿ ಬೆಲ್ಲು ಹೊಡೆಯಿತು.

ಮಕ್ಕಳು ಕೈ ನೆಕ್ಕಿಕೊಳ್ಳುತ್ತ ಹೊರಗೆ ಓಡಿದರು. ಮೇಷ್ಟ್ರು ಬೆಂಚಿನಿಂದ ಎದ್ದು ನೇರ ಚಾರ್ಟಿನ ಹತ್ತಿರ ಬಂದು ಪೇಪರ್ ಎತ್ತಿದರು. ನಾನು ಚಿತ್ತಾರ ಬಿ‍ಡಿಸಿ ಬರೆದಿದ್ದ ತೀರ್ಮಾನವನ್ನು ನಿಧಾನವಾಗಿ ಓದಿದರು. ಮತ್ತೆ ಪೇಪರ್ ಮುಚ್ಚಿದರು. ಆ ನಿಧಾನಕ್ಕಿಂತ ಬೈಗುಳವೇ ವಾಸಿಯಾಗಿತ್ತು.

“ಮಕ್ಕಳಿಗೆ ಹೇಳಿಕೊಟ್ಟಿದ್ದೆ.”

“ಹೂಂ ಸಾರ್.”

“ಆ ಹುಡುಗಿಗೆ ಏನು ಹೇಳಿಕೊಟ್ಟಿದ್ದೆ?”

ಇಲ್ಲೊಂದು ಸುಳ್ಳಿಗೆ ಜಾಗ ಇತ್ತು. ವಾದ ಮಾಡಲು ಹೇಳಿಕೊಟ್ಟಿದ್ದೆ ಸಾರ್ ಎಂದಿದ್ದರೆ ಅರ್ಧ ನಿಜವೇ ಆಗುತ್ತಿತ್ತು, ಬಹುಶಃ ಶಭಾಷ್ ಎಂದೂ ಅನ್ನಿಸಿಕೊಳ್ಳುತ್ತಿದ್ದೆ. ಆ ಸುಳ್ಳು ನಾಲಿಗೆ ತುದಿಗೆ ಬಂದದ್ದೂ ಹೌದು. ಆದರೆ ಬೆಲ್ಲವನ್ನು ಮೂಸುತ್ತಿದ್ದ ಅವಳ ಮುಖ ನೆನಪಾಗಿ ಹೊರಗೆ ಬರಲಿಲ್ಲ.

“ಸೋಲು ಅಂತ ಹೇಳಿಕೊಟ್ಟಿದ್ದೆ ಸಾರ್,” ಎಂದೆ. ಹೇಳುವಾಗ ಅಳು ಬಂತು. ಪಾಠ ಬೀಳುತ್ತದೆ ಎಂದು ಬಂದ ಅಳು ಅಲ್ಲ ಅದು. ಆ ಹುಡುಗಿಯ ಅವ್ವ ಮೂರು ಸಲ ಕೊಳೆ ತೆಗೆದು ಮಾಡಿದ ಬೆಲ್ಲವನ್ನು ವಿಷ ಎನ್ನಿಸಿ, ಮಗಳ ಕೈಯಲ್ಲಿ ತಪ್ಪಾಯ್ತು ಎನ್ನಿಸಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೇಷ್ಟ್ರು ಪುಸ್ತಕ ತೆಗೆದರು, ಮುಚ್ಚಿದರು. “ನಾನೂ ಆರು ತಿಂಗಳಿಂದ ಕಪ್ಪು ಬೆಲ್ಲವೇ ಕಣಮ್ಮ ತಿನ್ನೋದು. ಮಗಳು ವಿಡಿಯೋ ಕಳಿಸಿದ್ಲು,” ಎಂದರು. ನನಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. “ನಾಟಕಕ್ಕೆ ಮರುಪಾಠ ಬರೀಬೇಕು. ಉತ್ತರ ಗೊತ್ತಿಲ್ಲದೆ ಒಂದು ಪ್ರಶ್ನೆ ಕೇಳ್ದೆಯಲ್ಲ, ಅದಕ್ಕೆ ಸಹಿ ಹಾಕಬೇಕು. ಎರಡೂ ಒಟ್ಟಿಗೆ ಆಗಲ್ಲ. ಆ ಮಗು ಹತ್ರ ಹೋಗು. ಮಾಡಿದ್ದನ್ನ ಒಪ್ಕೊ. ಅವಳು ಸರಿ ಅಂದ್ರೆ ನಾಳೆ ಸಹಿ. ಇಲ್ಲಾ ಅಂದ್ರೆ ಇಲ್ಲ.”

ಒಂದು ವರ್ಷದ ನನ್ನ ಹಣೆಬರಹ ಒಂಬತ್ತನೇ ತರಗತಿಯ ಹುಡುಗಿಯ ಕೈಗೆ ಹೋಯಿತು. ಕೊಳಾಯಿ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಪಕ್ಕಕ್ಕೆ ಕರೆದು, ಮೇಷ್ಟ್ರ ಮಾತನ್ನೂ ಮುಚ್ಚಿಡದೆ, ಎಲ್ಲ ಹೇಳಿದೆ. ತಪ್ಪಾಯ್ತು ಎಂದೆ. ನಾನು ಅವಳಿಗೆ ಕಲಿಸಿದ್ದ ಆ ಮಾತು ನನ್ನ ಬಾಯಲ್ಲಿ ಎಷ್ಟು ಕಷ್ಟಪಟ್ಟು ಬಂತು ಎಂದು ನನಗೇ ಗೊತ್ತು. ಅವಳು ತಟ್ಟೆಯ ನೀರು ಕೊಡವಿದಳು.

“ನನ್ನ ಯಾಕ್ ಕೇಳ್ತೀರಿ ಮಿಸ್? ವಿಸ ಆಕ್ತಾಳೆ ಅಂದಿದ್ದು ನಮ್ಮವ್ವಂಗಲ್ವಾ? ಅವ್ಳನ್ನೇ ಕೇಳಿ.”

ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಹಿಂದೆ ಹೊರಟೆ. ದಾರಿಯುದ್ದಕ್ಕೂ ಮೇಡಂ ನಾನೋ ಅವಳೋ ಎಂದು ಹೇಳಲಾಗದ ಹಾಗೆ ಅವಳು ಮುಂದೆ, ನಾನು ಚಾರ್ಟಿನ ಸುರುಳಿ ಹಿಡಿದು ಹಿಂದೆ. ಆಲೆಮನೆಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಕೊಪ್ಪರಿಗೆಯ ಪಕ್ಕ ಅವಳ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಉದ್ದ ಹಿಡಿಯ ಜರಡಿಯಲ್ಲಿ ಮೇಲೆ ತೇಲಿದ ಕೊಳೆ ತೆಗೆಯುತ್ತಿದ್ದಳು. ಪಕ್ಕದ ಡ್ರಮ್ಮಿನಲ್ಲಿ ಬೆಂಡೆ ಗಿಡದ ಲೋಳೆ ಇತ್ತು. ಹಬೆಗೆ ನನ್ನ ಮುಖವೆಲ್ಲ ಬೆವರಿತು.

“ಯಾರೇ ಅದು?”

“ನಮ್ ಮಿಸ್ಸು.”

ಅಕ್ಕಾ ಎಂದು ಶುರು ಮಾಡಿ ಎಲ್ಲ ಹೇಳಿದೆ. ವಿಡಿಯೋ, ವಿಷ ಎಂದಿದ್ದು, ಮಗಳಿಗೆ ಸೋಲಲು ಹೇಳಿದ್ದು, ನಾಳೆಯ ಸಹಿ. ಅವಳು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ, ಕೊಳೆ ತೆಗೆಯುವುದನ್ನೂ ನಿಲ್ಲಿಸಲಿಲ್ಲ. ಹದ ತಪ್ಪಿದರೆ ಕೊಪ್ಪರಿಗೆಯೇ ಹೋಗುತ್ತದೆ, ನನ್ನ ಒಂದು ವರ್ಷ ಅದರ ಮುಂದೆ ಏನು? ನಾನು ಹೇಳಿ ಮುಗಿಸಿದ ಮೇಲೆ ಜರಡಿಯ ಕೊಳೆ ಕೊಡವಿ ಮತ್ತೆ ಅದ್ದಿದಳು. ನಾನು ಬಾಯಿ ಹಾಕದೆ ಕಾದೆ.

“ಇವ್ಳು ಸೋತ್ಲಾ?” ಎಂದು ಕೇಳಿದಳು.

“ಇಲ್ಲಕ್ಕ. ಗೆದ್ದಳು.”

“ಎಲ್ರ ಮುಂದೂವಾ?”

“ಎಲ್ಲರ ಮುಂದೆ. ನಮ್ಮ ಮೇಷ್ಟ್ರ ಮುಂದೆಯೂ.”

ಆಗ ತಿರುಗಿದಳು. ನನ್ನನ್ನಲ್ಲ, ಮಗಳನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಮಗಳು ತಲೆ ತಗ್ಗಿಸಿ ಕಾಲಬೆರಳಿನಲ್ಲಿ ಕಬ್ಬಿನ ಸಿಪ್ಪೆ ಕೆದಕುತ್ತಿದ್ದಳು. ಅವ್ವ ಮತ್ತೆ ಕೊಪ್ಪರಿಗೆ ಕಡೆ ತಿರುಗಿ ಜರಡಿ ಇಳಿಬಿಟ್ಟಳು.

“ಅಂಗಾರೆ ಸಯಿ ಆಕುಸ್ಕಳಿ ಓಗಿ ಮೇಡಮ್ಮೋರೆ,” ಎಂದಳು.